ಕೊಸರು ಕೇಳದ ಗಿರಾಕಿ

ಬೆಲೆ ಹೇಳುವಾಗ ನಾನು ಗಿರಾಕಿಯ ಮುಖ ನೋಡುವುದಿಲ್ಲ, ಫ್ಯಾನ್ ನೋಡುತ್ತೇನೆ. ವೆಬ್‌ಸೈಟ್ ಮಾಡಿಕೊಡುವ ಕೆಲಸಕ್ಕಿಳಿದು ಇಷ್ಟು ವರ್ಷವಾದರೂ "ಎಷ್ಟಾಗತ್ತೆ ಮೇಡಂ?" ಎಂದೊಡನೆ ಕತ್ತು ತಾನಾಗಿ ಮೇಲಕ್ಕೆ ತಿರುಗುತ್ತದೆ. ಬನಶಂಕರಿಯ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಆಫೀಸು. ಆ ಫ್ಯಾನಿನ ರೆಕ್ಕೆಗಳ ಮೇಲಿನ ಧೂಳು ನನಗೆ ಪರಿಚಯವಿರುವಷ್ಟು ಮನೆಯಲ್ಲಿ ಬೇರೆ ಯಾರಿಗೂ ಇಲ್ಲ. ಆದರೂ ಒರೆಸಿಲ್ಲ.

ತೊಂದರೆ ಇರುವುದು ಅಳತೆಯಲ್ಲಿ. ಜಯನಗರದ ಮಾರ್ಕೆಟ್ಟಿನಲ್ಲಿ ಹೂವನ್ನು ಮೊಳದ ಲೆಕ್ಕದಲ್ಲಿ ಕೊಡುತ್ತಾರೆ. ಯಾರ ಮೊಳ? ಮಾರುವವರದೇ. ಅದಕ್ಕೇ ಅಮ್ಮ ಬೆಲೆ ವಿಚಾರಿಸುವ ಮೊದಲು ಹೂವಿನವಳ ತೋಳು ನೋಡುತ್ತಿದ್ದಳು. ನಾನು ಮಾರುವುದು ಪುಟದ ಲೆಕ್ಕದಲ್ಲಿ. ವೆಬ್‌ಸೈಟಿನ ಪುಟವೋ, ಬೆರಳಲ್ಲಿ ಎಳೆದಷ್ಟೂ ಕೆಳಗಿಳಿಯುತ್ತದೆ. ಇಲ್ಲಿ ತೋಳು ನನ್ನದು, ಎಳೆಯುವುದು ಗಿರಾಕಿ. "ಐದೇ ಪುಟ ಸಾಕು" ಎಂದಿದ್ದ ಮಡಿವಾಳದ ಲಾಡ್ಜಿನವರು ಐದನೆಯ ಪುಟದಲ್ಲಿ ಎಲ್ಲ ಕೋಣೆ, ಎಲ್ಲ ಕಿಟಕಿ, ಪಕ್ಕದ ಹೋಟೆಲಿನ ತಿಂಡಿಯ ಪಟ್ಟಿಯನ್ನೂ ತುಂಬಿಸಿದರು.

ನಮ್ಮಲ್ಲಿ ಇದಕ್ಕೊಂದು ಹಳೆಯ ಹೆಸರಿದೆ, ಕೊಸರು. ಅಳೆದು ಕೊಟ್ಟ ಮೇಲೆ ದುಡ್ಡಿಲ್ಲದೆ ಕೈಗೆ ಬರುವ ಇನ್ನೊಂದಿಷ್ಟು. ನಾನು ಅದರ ರುಚಿ ಕಂಡದ್ದು ಜಯನಗರದ ರುದ್ರಯ್ಯನವರ ಗ್ರಂಧಿಗೆ ಅಂಗಡಿಯಲ್ಲಿ. ಬಜೆ, ಹಿಪ್ಪಲಿ, ಬಾಣಂತಿ ಖಾರದ ಸಾಮಾನು, ಪೂಜೆಯ ಕರ್ಪೂರ ಎಲ್ಲದರ ವಾಸನೆ ಸೇರಿದ ಇಕ್ಕಟ್ಟಾದ ಅಂಗಡಿ. ಅಮ್ಮನಿಗೆ ಪೊಟ್ಟಣ ಕಟ್ಟಿಕೊಟ್ಟ ಮೇಲೆ ಅವರು ಬಗ್ಗಿ ನನ್ನ ಅಂಗೈಯಲ್ಲಿ ಒಂದು ಕಲ್ಲುಸಕ್ಕರೆ ಇಡುತ್ತಿದ್ದರು. ತೂಕದ ಸಾಮಾನು ಅಮ್ಮನದು, ಕೊಸರು ನನ್ನದು.

ಮುಂದೆ ಅವರೇ ನನ್ನ ಗಿರಾಕಿಯಾದರು. ಅಂಗಡಿಗೆ ವೆಬ್‌ಸೈಟ್ ಬೇಕೆಂದಾಗ "ನಿಮ್ಮ ಹತ್ರ ಏನು ತಗೊಳ್ಳೋದು ಅಂಕಲ್" ಎಂದೆ.

"ಬೆಲೆ ಹೇಳಮ್ಮ. ಪುಕ್ಕಟೆ ಆದ್ರೆ ಕೊಸರು ಯಾವುದರ ಮೇಲೆ ಕೇಳ್ಲಿ?"

ಕೇಳಿದರು ಕೂಡ, ಒಮ್ಮೆಯಲ್ಲ. ಬಿಲ್ವಪತ್ರೆಯ ಚಿತ್ರ ಒಂದು, ಕೊಸರು. ಅಕ್ಷರ ಸ್ವಲ್ಪ ದಪ್ಪ, ಕೊಸರು. ರೇಗಿ "ಎರಡು ತಿದ್ದುಪಡಿ ಮಾತ್ರ" ಎಂದು ಕೊಟೇಶನ್ನಿನಲ್ಲಿ ಸೇರಿಸಿದೆ. ಅದನ್ನು ಓದಿ, "ಎರಡಾ? ಸರಿ, ಅದರ ಮೇಲೊಂದು ಕೊಸರು" ಎಂದರು.

ಕಳೆದ ವರ್ಷ ಬಂದವರು ನಿಂತೇ ಮಾತಾಡಿದರು. ಅಂಗಡಿಯ ಕಟ್ಟಡದ ಮಾಲೀಕರು ಹಳೆಯದನ್ನು ಕೆಡವಿ ಫ್ಲ್ಯಾಟ್ ಕಟ್ಟಿಸುತ್ತಾರಂತೆ. ಅಂಗಡಿ ಮುಚ್ಚಿ ತಾವು ವಸಂತಪುರಕ್ಕೆ, ಮಗಳ ಮನೆಗೆ ಹೋಗುತ್ತಾರಂತೆ. "ಒಂದು ಪುಟ ಮಾಡ್ಕೊಡು. ಯಾವ ಸಾಮಾನು ಇನ್ನು ಯಾರ ಅಂಗಡೀಲಿ ಚೆನ್ನಾಗಿ ಸಿಗತ್ತೆ ಅಂತ. ಬಾಣಂತಿ ಮನೆಯವರು ಬಂದು ಬರಿಗೈಲಿ ಹೋಗಬಾರದು. ಎಷ್ಟಾಗತ್ತೆ?"

ಫ್ಯಾನ್ ನೋಡಿ ಹೇಳಿದೆ.

"ಆಯ್ತಮ್ಮ."

ಅಷ್ಟೇ. ನಾನು ಕಾದೆ. ಅವರು ದುಡ್ಡು ಮೇಜಿನ ಮೇಲಿಟ್ಟು ಬಾಗಿಲ ಬಳಿ ಹೋದರು. ಒಂದು ಚಪ್ಪಲಿ ಹಾಕಿದರು, ಇನ್ನೊಂದನ್ನು ಕಾಲಿನಿಂದ ಹುಡುಕಿದರು. ಅಂಗಡಿ ಮುಚ್ಚುವ ಮಾತು ಅವರ ಬಾಯಿಂದಲೇ ಕೇಳಿದ್ದೆ, ನಂಬಿದ್ದು ಆಗ. ಕೊಸರು ಕೇಳದೆ ಈ ಮನುಷ್ಯ ಮೆಟ್ಟಿಲಿಳಿದರೆ ಎಲ್ಲ ಮುಗಿಯಿತು ಅನ್ನಿಸಿತು.

"ಅಂಕಲ್, ಕೊಸರು?"

ತಿರುಗಿದರು. "ಅರೆ, ಮರ್ತೇಬಿಟ್ಟೆ ನೋಡು!" ಎಂದು ಚಪ್ಪಲಿ ಬಿಟ್ಟು ಒಳಬಂದು, ಕುರ್ಚಿ ಎಳೆದು ಕೂತರು. ಹಳೆಯ ವ್ಯಾಪಾರಿಯ ಕಣ್ಣು ಮರಳಿತ್ತು. "ಅಂಗಡಿ ಫೋಟೋ ಇದೆಯಲ್ಲ, ಅದನ್ನ ತೆಗೀಬೇಡ. ಬಾಗಿಲು ತೆಗೆದಿದೆ ಅದರಲ್ಲಿ. ಹಾಗೇ ಇರ್ಲಿ."

ಈಗ ಆ ಜಾಗದಲ್ಲಿ ಹಸಿರು ಪರದೆ ಕಟ್ಟಿದ್ದಾರೆ, ಒಳಗೆ ಕಾಂಕ್ರೀಟಿನ ಸದ್ದು. ವೆಬ್‌ಸೈಟಿನಲ್ಲಿ ಬಾಗಿಲು ತೆರೆದೇ ಇದೆ. ಅದಕ್ಕೆಷ್ಟು ಎಂದು ಅವರು ಕೇಳಲಿಲ್ಲ. ಕೊಸರಿಗೆ ಬೆಲೆ ಕೇಳುವ ಪದ್ಧತಿ ಇಲ್ಲ.

ಬೆಲೆ ಹೇಳುವಾಗ ಈಗಲೂ ಫ್ಯಾನನ್ನೇ ನೋಡುತ್ತೇನೆ. ಹೇಳಿದ ಮೇಲೆ ಮಾತ್ರ ಕತ್ತು ಇಳಿಸುತ್ತೇನೆ. ಎದುರಿಗಿರುವವರು ತಲೆ ಕೆರೆದುಕೊಂಡು "ಮೇಡಂ, ಒಂದೇ ಒಂದು ಚಿಕ್ಕ ಚೇಂಜು" ಎಂದರೆ ಮೊದಲಿನ ಹಾಗೆ ರೇಗುವುದಿಲ್ಲ. ಸದ್ಯ, ಇವರ ಅಂಗಡಿ ನಡೆಯುತ್ತಿದೆ ಅಂದುಕೊಳ್ಳುತ್ತೇನೆ.