ಡಾಕ್ಟರ ಎದುರು ಬಿಗಿಹಿಡಿದ ಕಾಲು

ಮೊಮ್ಮಕ್ಕಳೇ, ಸೊಂಟನೋವಿಗೆಂದು ಜೇವರ್ಗಿಗೆ ಹೋದಾಗ ಡಾಕ್ಟರು ನನ್ನನ್ನು ಎತ್ತರದ ಮಂಚದ ಮೇಲೆ ಕೂರಿಸಿ, ಎದುರಿಗೆ ಕುಳಿತು, ಮೊಣಕಾಲಿನ ಕೆಳಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿದರು. ಕಾಲು ಅವರತ್ತ ಏಳುವಂತಾಯಿತು. ಡಾಕ್ಟರಿಗೆ ಕಾಲು ತಾಗಿಸುವುದೇ? ಹಲ್ಲು ಕಚ್ಚಿ ಬಿಗಿಹಿಡಿದೆ. ಮೂರು ಸಲ ತಟ್ಟಿದರೂ ಅಲುಗಾಡಿಸಲಿಲ್ಲ.

ಅವರ ಮುಖ ಸಪ್ಪಗಾಯಿತು. "ಬೆನ್ನಹುರಿಯಿಂದ ಕಾಲಿಗೆ ಬರೋ ನರ ಸಿಕ್ಕೊಂಡದ ಅನಸ್ತದರಿ. ಕಲಬುರಗಿಗೆ ಹೋಗ್ರಿ, ಆಪರೇಷನ್ ಬೇಕಾಗಬಹುದು."

ಆಪರೇಷನ್ ಎಂದೊಡನೆ ನನ್ನ ಬಾಯಿ ಬಿಚ್ಚಿತು. "ನರಕ್ಕೇನೂ ಆಗಿಲ್ರಿ ಸಾಹೇಬ್ರ, ಕಾಲು ನಾನೇ ಹಿಡಕೊಂಡೇನಿ!"

"ಬಿಡ್ರಿ ಯವ್ವಾ! ಅದು ಬೆನ್ನಹುರಿ ಹುಕುಂ, ನಿಮ್ಮ ತಲಿನ್ನ ಕೇಳಂಗಿಲ್ಲ."

ಬಿಟ್ಟೆ. ಅವರು ಮತ್ತೆ ತಟ್ಟಿದರು; ಕಾಲು ನೇರ ಅವರ ಹೊಟ್ಟೆಗೆ ಬಡಿಯಿತು.

"ನರ ಭಾಳ ಛಲೋ ಅದ," ಎಂದರು ಹೊಟ್ಟೆ ಸವರುತ್ತ, "ಆಪರೇಷನ್ ಬ್ಯಾಡ." ನಾನು ಇಳಿದು ಅವರಿಗೆ ಕೈಮುಗಿದು ತಪ್ಪಾಯಿತೆಂದೆ.

ನಿಮಗೆಂದು ಬರೆದ ಈ ಹಾಳೆಯನ್ನು ಜೋಪಾನವಾಗಿಡಿ, ಜೇವರ್ಗಿಯವರಿಗೆ ಮಾತ್ರ ತೋರಿಸಬೇಡಿ.