ಬಿರಿಯದ ಗಾರೆ, ಹೊರಟು ನಿಂತ ಗುಡ್ಡ

ಅವನನ್ನು ಎಲ್ಲರೂ ಕರೆಯುತ್ತಿದ್ದುದು ನುಣುಪಣ್ಣ ಎಂದು. ಗಾರೆ ಕೆಲಸದವನು. ಗಂಡುಗಲಿಗಳ ಕೈಯಲ್ಲಿ ಖಡ್ಗ ಹೇಗೋ, ಇವನ ಕೈಯಲ್ಲಿ ಗಾರೆ ಸವರುವ ಕರಣೆ ಹಾಗೆ. ಅವನು ಸವರಿದ ಗೋಡೆಯ ಮೇಲೆ ನೊಣ ಕೂತರೂ ಜಾರುತ್ತದೆ ಎಂಬುದು ಊರಿನ ಮಾತು. ಆ ಮಾತನ್ನು ಊರಿಗೆ ಹೇಳಿಕೊಟ್ಟವನೂ ಅವನೇ. ಮೀಸೆ ಮೂಡುವ ಮೊದಲೇ ಮರಳು ಜರಡಿ ಹಿಡಿದವನು, ಮೀಸೆ ನರೆಯುವ ಹೊತ್ತಿಗೆ ಊರಿನ ಅರ್ಧ ಗೋಡೆಗಳಿಗೆ ಮುಖ ಕೊಟ್ಟಿದ್ದ. "ನನ್ನ ಗಾರೆ ಬಿರಿಯಲ್ಲ" ಎನ್ನುವುದೇ ಅವನ ಬಿರುದು, ಬಾವುಟ, ರಣಕಹಳೆ.

ಇಂಥ ವೀರ ತನ್ನ ಮನೆ ಕಟ್ಟಿಕೊಂಡದ್ದು ಗುಡ್ಡದ ನೆತ್ತಿಯ ಮೇಲೆ, ಎಲ್ಲರಿಗೂ ಕಾಣಲಿ ಎಂದು. ಆಚೆ ಬಯಲಿನಲ್ಲಿದ್ದ ಹೆಂಡತಿಯ ತಮ್ಮ "ಭಾವ, ಅದು ಮನೆಯೋ, ಗುಡ್ಡಕ್ಕೆ ತೊಡಿಸಿದ ಟೋಪಿಯೋ?" ಎಂದು ಕೇಳಿದ್ದೇ ತಡ, ನುಣುಪಣ್ಣ ಅವನ ಹೊಸ್ತಿಲು ತುಳಿಯುವುದನ್ನೇ ಬಿಟ್ಟ.

ಒಂದು ಬೆಳಿಗ್ಗೆ ಭೂಮಿ ನಡುಗಿತು. ಕೆಳಗಿನ ಪೇಟೆಯಲ್ಲಿ ಲೋಟದ ಚಹಾ ತುಳುಕಿತು, ಅಷ್ಟೆ. ನೆತ್ತಿಯ ಮನೆಯಲ್ಲಿ ಮಾತ್ರ ಕಪಾಟು ಕುಣಿಯಿತು, ಪಾತ್ರೆಗಳು ಉರುಳಿದವು, ಮಂಚವು ಹೆಂಡತಿಯ ತಾಯಿಯನ್ನು, ಅಂದರೆ ಅವನ ಅತ್ತೆಯನ್ನು, ಹೊತ್ತುಕೊಂಡೇ ಈ ಗೋಡೆಯಿಂದ ಆ ಗೋಡೆಗೆ ಸವಾರಿ ಹೊರಟಿತು. ಯಾರಿಗೂ ಗಾಯವಾಗಲಿಲ್ಲ. ಆದರೆ ಹಿತ್ತಲಿನ ಅಂಗಳದಲ್ಲಿ ಉದ್ದಕ್ಕೂ ಒಂದು ಬಿರುಕು ಬಾಯಿ ಬಿಟ್ಟಿತ್ತು. ಹೆಂಡತಿ ಕಂಡರೆ ತಮ್ಮನ ಮನೆಗೆ ನಡೀರಿ ಎನ್ನುತ್ತಾಳೆ! ಅವಳು ಪಾತ್ರೆ ಹೆಕ್ಕಿ ಮುಗಿಸುವಷ್ಟರಲ್ಲಿ ನುಣುಪಣ್ಣ ಸಿಮೆಂಟು ಕಲಸಿ, ತುಂಬಿ, ಸವರಿ, ಅಂಗಳವನ್ನು ಕನ್ನಡಿ ಮಾಡಿಬಿಟ್ಟ.

ಮರುದಿನ ಭೂವಿಜ್ಞಾನ ಇಲಾಖೆಯ ಮೇಡಂ ಮನೆಮನೆ ನೋಡುತ್ತ ಬಂದರು.

"ಕೆಳಗೆ ಚಹಾ ತುಳುಕಿದ್ದಷ್ಟೇ ಅಂತೆ. ನಮ್ಮ ಮೇಲೆ ಮಾತ್ರ ಯಾಕಮ್ಮಾ ಈ ಹಗೆ?" ಎಂದ ನುಣುಪಣ್ಣ.

"ಉದ್ದ ಕೋಲಿನ ಬುಡ ಹಿಡಿದು ಅಲ್ಲಾಡಿಸಿ. ತುದೀನೇ ಜಾಸ್ತಿ ಕುಣಿಯುತ್ತೆ ಅಲ್ವಾ? ಗುಡ್ಡದ ನೆತ್ತಿನೂ ಹಾಗೇ. ಅದರ ಮೇಲೆ ಇಲ್ಲಿ ಇಳಿಜಾರು ತುಂಬಾ ಕಡಿದಾಗಿದೆ, ಮಣ್ಣು ಸಡಿಲ, ಕೆಳಗೆ ರಸ್ತೆಗೆ ಅಂತ ಬುಡಾನೇ ಕೊರೆದಿದ್ದಾರೆ. ಭೂಕಂಪಕ್ಕೆ ಕುಸಿಯೋದು ಇಂಥ ಜಾಗಾನೇ. ಅವತ್ತೇ ಕುಸೀಬೇಕು ಅಂತಿಲ್ಲ. ನಡುಕಕ್ಕೆ ಬಿರುಕು ಬಿಡುತ್ತೆ, ಆಮೇಲೆ ಮಳೆನೀರು ಒಳಗಿಳಿದು ಮಣ್ಣಿನ ಹಿಡಿತ ತಪ್ಪುತ್ತೆ. ಎಲ್ಲಾದ್ರೂ ಬಿರುಕಿದೆಯಾ?"

"ನನ್ನ ಮನೇಲಾ?" ಅವನ ಮುಖವೂ ಅಂಗಳದಷ್ಟೇ ನುಣುಪಾಗಿತ್ತು.

"ಕಂಡ್ರೆ, ಅಗಲ ಆಗ್ತಿದ್ರೆ, ಒಂದು ಕ್ಷಣಾನೂ ನಿಲ್ಲಬೇಡಿ. ನನಗೆ ಫೋನ್ ಮಾಡಿ."

ಮೇಡಂ ಹೋದರು, ಮಳೆ ಬಂತು. ಮಳೆ ಬಿಟ್ಟ ಬೆಳಿಗ್ಗೆ ಹೆಂಡತಿ ಹಿತ್ತಲಿಂದ ಕೂಗಿದಳು: "ರೀ, ನಿಮ್ಮ ಗಾರೆ ಬಿರಿದಿದೆ!"

"ಏನಂದೆ?"

"ಬೆರಳು ತೂರುತ್ತೆ, ಬಂದು ನೋಡಿ. ಸಿಮೆಂಟು ಕಮ್ಮಿ ಹಾಕಿರ್ತೀರಿ. ವಯಸ್ಸಾಯ್ತು ಬಿಡಿ, ಕೈ ಸೋತಿದೆ."

ಭೂಕಂಪಕ್ಕೂ ಅಲುಗದ ವೀರನ ಎದೆ ಈಗ ಅಲುಗಿತು. ಮಂಡಿಯೂರಿ ನೋಡಿದ. ಗಾರೆ ಎರಡೂ ಅಂಚಿಗೆ ಗಟ್ಟಿಯಾಗಿ ಕಚ್ಚಿಕೊಂಡೇ ಇತ್ತು, ನಡುವೆ ಹರಿದಿತ್ತು. ಒಂದೋ ಗಾರೆ ಸೋತಿದೆ, ಇಲ್ಲವೇ ಗುಡ್ಡವೇ ನಡೆಯುತ್ತಿದೆ. ಮೊದಲನೆಯದಂತೂ ಸಾಧ್ಯವೇ ಇಲ್ಲ!

"ನನ್ನ ಗಾರೆ ಬಿರಿಯಲ್ಲ! ಗುಡ್ಡ ಹೊರಟಿದೆ ಕಣೇ! ಅತ್ತೇನ ಎಬ್ಬಿಸು, ಮೇಡಂಗೆ ಫೋನ್ ಮಾಡು, ಕೆಳಗೆ ರಸ್ತೆ ನಿಲ್ಲಿಸಲಿ!"

"ತಪ್ಪು ಒಪ್ಪಿಕೊಳ್ಳೋಕಾಗದೆ ಗುಡ್ಡದ ತಲೆಗೆ ಕಟ್ತೀರಲ್ರೀ..."

"ಅಡಿಯಲ್ಲಿ ಮೊದಲೇ ಬಿರುಕಿತ್ತು. ಮುಚ್ಚಿದ್ದು ನಾನೇ."

ಹೆಂಡತಿ ಈ ಮಾತನ್ನು ಒಂದೇ ಸಲಕ್ಕೆ ನಂಬಿಬಿಟ್ಟಳು. ಮದುವೆಯಾದಂದಿನಿಂದ ಅವನನ್ನು ಇಷ್ಟು ಹೆದರಿಸಿದ್ದು ಬೇರೊಂದಿರಲಿಲ್ಲ. ಅವಳು ಫೋನಿಗೆ ಓಡಿದಳು, ಅವನು ಅತ್ತೆಯನ್ನು ಬೆನ್ನಿಗೇರಿಸಿಕೊಂಡ.

"ಮೆಲ್ಲಗೆ ಅಳಿಯಂದ್ರೇ, ನಾನೇನು ಮರಳಿನ ಮೂಟೆನಾ?"

"ಮೂಟೆಯಾಗಿದ್ರೆ ಬಾಯಿ ಇರ್ತಿರಲಿಲ್ಲ, ಅತ್ತೆ."

ಗುಡ್ಡದ ಇನ್ನೊಂದು ಮಗ್ಗುಲಿನ ಇಳುಕಲು ದಾರಿಯಲ್ಲಿ ಬಯಲು ಸೇರಿದರು. ಬಾಗಿಲು ತೆರೆದ ಭಾವಮೈದುನ ಏನೋ ಚುಚ್ಚಲು ಬಾಯಿ ತೆರೆದ. ಅಷ್ಟರಲ್ಲಿ ಬೆನ್ನ ಹಿಂದೆ ಗುಡ್ಡ ಗುಡುಗಿತು. ಅಂಗಳ, ಅಡುಗೆಮನೆ, ಅತ್ತೆಯ ಕೋಣೆ ಒಂದೊಂದಾಗಿ ಇಳಿದು, ಕೆಳಗಿನ ಖಾಲಿ ರಸ್ತೆಯ ಮೇಲೆ ಮಣ್ಣಾಗಿ ಹರಡಿಕೊಂಡವು. ರಸ್ತೆಯ ಎರಡೂ ತುದಿಯಲ್ಲಿ ತಡೆದು ನಿಲ್ಲಿಸಿದ್ದ ಬಸ್ಸುಗಳು ಹಾರನ್ ಹೊಡೆಯುತ್ತಿದ್ದವು.

ನುಣುಪಣ್ಣ ಅತ್ತೆಯನ್ನು ಇಳಿಸಿದ. ಹೆಂಡತಿಯ ಕೈ ಹಿಡಿದ. ಇಬ್ಬರೂ ಇದ್ದಾರೆ. ಇಂಥ ಗಳಿಗೆಗೆ ತಕ್ಕ ಭಾರಿ ಮಾತೊಂದನ್ನು ಆಡಲು ಹೊರಟ. ಹಲ್ಲು ಕಟಕಟ ಅಂದಿತೇ ಹೊರತು ಮಾತು ಹೊರಡಲಿಲ್ಲ.

"ಭೂಕಂಪ ನಿಂತು ಎಷ್ಟು ದಿನ ಆಯ್ತು, ನೀವಿನ್ನೂ ನಡುಗೋದು ನಿಲ್ಲಿಸಿಲ್ವಲ್ರೀ" ಎಂದಳು ಹೆಂಡತಿ, ಅವನ ತೋಳನ್ನು ಬಿಗಿಯಾಗಿ ಹಿಡಿದು. ಅವಳೂ ನಡುಗುತ್ತಿದ್ದಳು. ಅತ್ತೆಯೇ ಮೊದಲು ನಕ್ಕಿದ್ದು.