ಏಳು ರೂಪಾಯಿಯ ಬಿಳಿ ಕಲ್ಲು

ನಾನು ಚಿಕ್ಕವನಿದ್ದಾಗ ನಮ್ಮ ಮನೆಗೊಂದು ಬಿಳಿ ಕಲ್ಲು ಬಂತು. ಬೆಲೆ ಏಳು ರೂಪಾಯಿ. ನಾಲ್ಕಕ್ಕೇ ಬರಬೇಕಿತ್ತು. ಅಪ್ಪ ಅದನ್ನು ಮುಟ್ಟಿಬಿಟ್ಟರು, ಅದಕ್ಕೇ ಏಳಾಯಿತು.

ಪುಣೆಯ ಕ್ಯಾಂಪಿನಲ್ಲಿ ಸಾಹೇಬರು ಕುಣಿಯಲು ಬರುತ್ತಿದ್ದ ದೊಡ್ಡ ಹೋಟೆಲೊಂದಿತ್ತು. ಅಪ್ಪ ಅಲ್ಲಿ ಅಡುಗೆಯವರು. ಹಿಟ್ಟು ತಣ್ಣಗಿರಲೆಂದು ಅಮೃತಶಿಲೆಯ ಮೇಲೆ ಲಟ್ಟಿಸುತ್ತಿದ್ದರು. ಮಾಲೀಕರು ಜಾಗ ಮಾರಿದರು, ಹೋಟೆಲನ್ನು ಕೆಡವಲು ಶುರುಮಾಡಿದರು, ಅಪ್ಪನ ಕೆಲಸ ಹೋಯಿತು. ಮನೆಯಲ್ಲೇ ಖಾನಾವಳಿ ತೆಗೆಯೋಣವೆಂದು ಅಕ್ಕ ಗಂಟುಬಿದ್ದಳು. ಅಪ್ಪ ದಿನಗಟ್ಟಲೆ ಗೋಡೆ ನೋಡುತ್ತ ಕೂತು, ಕೊನೆಗೆ, "ಆ ಕಲ್ಲು ಸಿಕ್ಕರ ನೋಡೋಣು," ಎಂದರು. ಅಷ್ಟೇ.

ಮೂವರೂ ಹೋಟೆಲಿಗೆ ಹೋದೆವು. ಸುಣ್ಣದ ಧೂಳು ನಾಲಿಗೆಯ ಮೇಲೆ ಕೂತಿತು. ಮುಂದಿನ ಗೋಡೆ ಪೂರ್ತಿ ಬಿದ್ದಿತ್ತು. ಅಕ್ಕ, ನಾನು ಇಟ್ಟಿಗೆ ದಾಟಿ ನೇರ ಒಳಗೆ ನಡೆದೆವು. ಅಪ್ಪ ಮಾತ್ರ ಸುತ್ತುಹಾಕಿ ಹಿಂದಕ್ಕೆ ಹೋದರು. ಅಡುಗೆಯವರಿಗೆ ಮುಂಬಾಗಿಲಿನ ಅಪ್ಪಣೆ ಎಂದೂ ಇರಲಿಲ್ಲ. ಹಿಂದೆ ಗೋಡೆಯಿಲ್ಲದೆ ಬಾಗಿಲ ಚೌಕಟ್ಟೊಂದೇ ನಿಂತಿತ್ತು. ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ, ಅದರೊಳಗಿಂದಲೇ ಬಂದರು.

"ಅಪ್ಪಾ, ಗ್ವಾಡಿನ ಇಲ್ಲ, ಹಿಂದಿನ ಬಾಗಲಾ ಯಾಕ?" ಎಂದಳು ಅಕ್ಕ.

"ನಾವು ಬರೋ ಬಾಗಲಾ ಇದ ಅಲ್ಲೇನವಾ."

ಸಾಮಾನು ಮಾರುತ್ತಿದ್ದ ಗುತ್ತಿಗೆದಾರ ಸೊಲ್ಲಾಪುರದವನು, ಕನ್ನಡ ಬಲ್ಲವನು. ಅಕ್ಕ ಮೊದಲು ಕನ್ನಡಿಯ ಬೆಲೆ ಕೇಳಿದಳು, ಕುರ್ಚಿಯದು ಕೇಳಿದಳು, ಆಮೇಲೆ ಆಕಳಿಸುತ್ತ ಕಲ್ಲಿನದು. "ನಾಕು ರೂಪಾಯಿ," ಎಂದ. ಆಗಲೇ ಅಪ್ಪ ಕೂತು, ಅಂಗೈಯಿಂದ ಕಲ್ಲಿನ ಧೂಳು ಒರೆಸತೊಡಗಿದರು.

"ಹತ್ತು!" ಎಂದ ಗುತ್ತಿಗೆದಾರ.

"ಮೂಲಿ ಒಡದದ, ನೋಡ್ರಿ."

"ಒಡದ ಕಲ್ಲನ್ನ ನಿಮ್ಮಪ್ಪಾರು ಕೂಸಿನ ತಲಿ ಸವರಿದಂಗ ಯಾಕ ಸವರತಾರವಾ?"

"ಅಪ್ಪ ಎಲ್ಲಾ ಕಲ್ಲಿಗೂ ಹಂಗ ಮಾಡತಾನ್ರಿ!"

ಅವನು ನಕ್ಕ. ನಗಿಸಿದ್ದಕ್ಕೆ ಮೂರು ರೂಪಾಯಿ ಇಳಿಯಿತು. ಅಪ್ಪ ನಗಲಿಲ್ಲ. ಕೈಗಾಡಿಯ ಮೇಲೆ ಕಲ್ಲನ್ನು ಹೇರಿಕೊಂಡು ಬರುವಾಗ ಹಿಂದೆ ಏನೋ ದೊಡ್ಡದು ಧೊಪ್ಪನೆ ಬಿತ್ತು. ಅಪ್ಪ ತಿರುಗಿ ನೋಡಲಿಲ್ಲ.

ಆ ಕಲ್ಲಿನ ಮೇಲೆ ಲಟ್ಟಿಸಿದ ಚಪಾತಿಯಿಂದಲೇ ನಾವು ದೊಡ್ಡವರಾದೆವು. ಆದರೆ ಅಪ್ಪ ತಮ್ಮದೇ ಖಾನಾವಳಿಗೂ ಕೊನೆಯವರೆಗೆ ಹಿಂಬಾಗಿಲಿನಿಂದಲೇ ಬರುತ್ತಿದ್ದರು.

ಮಕ್ಕಳೇ, ನೀವು ಹೋಗುವ ಅಂಗಡಿಗಳಲ್ಲಿ ಗಾಜಿನ ಬಾಗಿಲು ತಾನಾಗಿ ತೆರೆಯುತ್ತದೆ, ಬೆಲೆ ಚೀಟಿಯಲ್ಲೇ ಇರುತ್ತದೆ. ಆದರೂ ಎಂದಾದರೂ ಚೌಕಾಸಿ ಮಾಡಬೇಕಾದೀತು. ಬೇಕಾದ ವಸ್ತುವಿನ ಬೆಲೆ ಕೊನೆಗೆ ಕೇಳಿ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಿ. ಒಳಗೆ ಹೋಗುವಾಗ ಮಾತ್ರ ಮುಂದಿನ ಬಾಗಿಲಿನಿಂದಲೇ ಹೋಗಿ.